ಏಳು ವೀರರು, ಹನ್ನೊಂದು ಟಿಕೆಟ್

ಗಂಡನನ್ನು ಇವತ್ತು ಹಿಡಿದೇ ತೀರಬೇಕೆಂದು ಅವಳು ಚಿತ್ರಮಂದಿರದ ಮೆಟ್ಟಿಲು ಹತ್ತಿದಳು. ನಡುವೆ ಎರಡು ಸಲ ನಿಂತು ಸುಧಾರಿಸಿಕೊಳ್ಳಬೇಕಾಯಿತು. ಸಿಟ್ಟು ಅಷ್ಟಿತ್ತು.

ಒಳಗೆ ದೀಪ ಆರಿತ್ತು. ಗಂಡ ಕೊನೆಯ ಸಾಲಿನ ಮೂಲೆಯಲ್ಲಿ ಕೂತಿದ್ದ. ಅವಳು ಅದೇ ಸಾಲಿನ ಇನ್ನೊಂದು ತುದಿ ಹಿಡಿದಳು. ನಡುವಿನ ಹದಿನೆಂಟು ಕುರ್ಚಿಯೂ ಖಾಲಿ. ಮುಂದೆ ನಾಲ್ಕಾರು ತಲೆ ಬಿಟ್ಟರೆ ಮಧ್ಯಾಹ್ನದ ಆಟಕ್ಕೆ ಜನವೇ ಇರಲಿಲ್ಲ.

ನಿನ್ನೆ ಅವನು ಸ್ನಾನಕ್ಕೆ ಹೋದಾಗ ಅಂಗಿಯ ಜೇಬಿನಲ್ಲಿ ಹನ್ನೊಂದು ಟಿಕೆಟ್ ಸಿಕ್ಕಿದ್ದವು. ತಾರೀಖು ಮಾತ್ರ ಬೇರೆ ಬೇರೆ. ಒಂದೇ ಸಿನಿಮಾ, ಒಂದೇ ಹೊತ್ತು, ಒಂದೇ ಸೀಟು. ಅವನು ಶಾಲೆಯ ಬಸ್ಸಿನ ಡ್ರೈವರ್. ಬೆಳಿಗ್ಗೆ ಮಕ್ಕಳನ್ನು ಇಳಿಸಿದರೆ ಮತ್ತೆ ಕೆಲಸ ನಾಲ್ಕು ಗಂಟೆಗೆ. ನಡುವಿನ ಹೊತ್ತಿನಲ್ಲಿ ಮನೆಗೆ ಬಂದು ಉಂಡು ಅಡ್ಡಾಗುತ್ತಿದ್ದವನು, ಒಂದು ತಿಂಗಳಿಂದ "ಮಧ್ಯಾಹ್ನ ಇನ್ನೊಂದು ಟ್ರಿಪ್ ಹಾಕಿದಾರೆ ಕಣೇ" ಎನ್ನುತ್ತಿದ್ದ. ಹೊಡೆದಾಟದ ಸಿನಿಮಾ ಎಂದರೆ ಅವನಿಗೆ ಆಗದು. ಹಾಗಿದ್ದ ಮೇಲೆ ಇಲ್ಲಿ ಅವನಿಗೇನು ಕೆಲಸ? ಪಕ್ಕದ ಮನೆಯವಳು ಬೇರೆ ಮೊನ್ನೆ ಹೇಳಿದ್ದಳು, "ನಿಮ್ಮನೆಯವರನ್ನ ಸಿನಿಮಾ ಥಿಯೇಟರಲ್ಲಿ ನೋಡ್ದೆ ಅಕ್ಕಾ. ಪಕ್ಕದಲ್ಲಿ ಯಾರೋ ಹೆಂಗಸು ಕೂತಿದ್ರು, ನೀವೇ ಅನ್ಕೊಂಡೆ."

ಹತ್ತೊಂಬತ್ತು ವರ್ಷದ ಸಂಸಾರ. ಆ ಹೆಂಗಸು ಇವತ್ತೂ ಬಂದರೆ ಅದು ಇಲ್ಲಿಗೇ ಮುಗಿಯಿತು. ಸಂಜೆಗೆ ಬರುತ್ತೇನೆಂದು ಅಣ್ಣನಿಗೆ ಫೋನ್ ಮಾಡಿಯೇ ಅವಳು ಹೊರಟಿದ್ದಳು.

ಪರದೆಯ ಮೇಲೆ ಏಳು ಮಂದಿ ಮಹಾವೀರರು ಒಂದು ಮೇಜಿನ ಸುತ್ತ ಕೂತು ಜಗಳವಾಡುತ್ತಿದ್ದರು. ಒಬ್ಬನದು ಕಬ್ಬಿಣದ ಮೈ, ಒಬ್ಬಳು ಹಾರುತ್ತಾಳೆ, ಇನ್ನೊಬ್ಬ ಊದಿದರೆ ಸಮುದ್ರವೇ ಹೆಪ್ಪುಗಟ್ಟುತ್ತದೆ. ಅಲ್ಲಿ ಲೋಕ ಮುಳುಗುತ್ತಿದೆ, ಇಲ್ಲಿ ಇವರಿಗೆ ಯಜಮಾನಿಕೆ ಯಾರದೆಂಬ ಚರ್ಚೆ. ಏಳು ಜನ ಓರಗಿತ್ತಿಯರನ್ನು ಒಂದೇ ಅಡುಗೆಮನೆಗೆ ಬಿಟ್ಟರೂ ಇದಕ್ಕಿಂತ ಬೇಗ ಒಂದು ಮಾತಿಗೆ ಬರುತ್ತಿದ್ದರು. ಅವಳಿಗೆ ನೋಡಿಯೇ ಸುಸ್ತಾಯಿತು. ಏಳನೆಯವಳು ಎದುರಿಗಿದ್ದವರ ಮನಸ್ಸು ಓದುತ್ತಿದ್ದಳು. ಆ ಶಕ್ತಿಯೊಂದು ತನಗಿದ್ದಿದ್ದರೆ ಈ ಮೆಟ್ಟಿಲು ಹತ್ತುವ ಕಷ್ಟವಾದರೂ ತಪ್ಪುತ್ತಿತ್ತು ಎಂದುಕೊಂಡಳು.

ಕಟ್ಟಡಗಳು ಉರುಳಿದವು. ಸೇತುವೆ ಬಿತ್ತು. ಅಷ್ಟು ಧೂಳನ್ನು ನಾಳೆ ಗುಡಿಸುವವರು ಯಾರೆಂದು ಒಬ್ಬ ವೀರನಿಗೂ ಯೋಚನೆಯಿರಲಿಲ್ಲ.

ಅವಳ ಮನೆಯ ಧೂಳನ್ನು ಈಗ ಗಂಡನೇ ಗುಡಿಸುತ್ತಿದ್ದ. ಅನುಮಾನ ಹುಟ್ಟಿದ್ದೇ ಅಲ್ಲಿಂದ. ಮೊದಲೆಲ್ಲ ಅವಳು ಸುಸ್ತು ಎಂದರೆ ಹೂಂ ಎಂದು ಪೇಪರ್ ಮಗುಚುತ್ತಿದ್ದವನು. ಹೋದ ತಿಂಗಳು ಒಂದು ದಿನ ಕನ್ನಡಕದ ರಿಪೇರಿ, ಅವಳ ಟೆಸ್ಟ್ ರಿಪೋರ್ಟ್, ತರಕಾರಿ ಎಂದು ಹೊರಟು ಮೂರು ಗಂಟೆ ತಡವಾಗಿ ಬಂದ. ತರಕಾರಿ ಮರೆತಿದ್ದ. ಎಲ್ಲಿದ್ರಿ ಎಂದರೆ ಸೀದಾ ಬಚ್ಚಲಿಗೆ ಹೋದ. ಅವತ್ತಿನಿಂದ ಬೇರೆಯೇ ಮನುಷ್ಯ. ಬಕೆಟ್ ಎತ್ತಲು ಬಿಡುವುದಿಲ್ಲ. ಬಟ್ಟೆ ತಾನೇ ಒಗೆಯುತ್ತಾನೆ. ಶಕ್ತಿಗೆಂದು ತಂದ ಮಾತ್ರೆಯನ್ನು ತಾನೇ ಬಿಡಿಸಿ ಅಂಗೈಗೆ ಹಾಕುತ್ತಾನೆ. ಬೈದರೆ ತಿರುಗಿ ಒಂದು ಮಾತಿಲ್ಲ. ರಾತ್ರಿ ಯಾವಾಗ ಎಚ್ಚರವಾದರೂ ಎದ್ದು ಕೂತಿರುತ್ತಾನೆ, ಕೇಳಿದರೆ ಸೆಕೆ ಎನ್ನುತ್ತಾನೆ. ಮಾಡಬಾರದ್ದನ್ನು ಮಾಡಿದ ಗಂಡಸು ಮಾತ್ರ ಮನೆಯಲ್ಲಿ ಹೀಗೆ ಬೆಣ್ಣೆಯಾಗುತ್ತಾನೆ. ಶುರುವಾದದ್ದು ಆ ತರಕಾರಿ ಮರೆತ ದಿನವೇ ಇರಬೇಕು.

ವಿರಾಮಕ್ಕೆ ದೀಪ ಹತ್ತುವ ಮೊದಲೇ ಅವಳು ಹೊರಗೆ ಜಾರಿಕೊಂಡಳು. ಮತ್ತೆ ಕತ್ತಲಾದ ಮೇಲೆ ಒಳಗೆ ಬಂದಾಗ ಅವನ ಪಕ್ಕದ ಕುರ್ಚಿ ತುಂಬಿತ್ತು.

ಹೆಂಗಸು. ನಲವತ್ತೈದು ದಾಟಿರಬಹುದು. ಚಪ್ಪಲಿ ಬಿಟ್ಟು, ಕಾಲು ಚಾಚಿ, ತನ್ನದೇ ಮನೆಯೆಂಬಂತೆ ಕೂತಿದ್ದಳು. ಪರದೆಯ ಮೇಲೆ ಸಿಡಿಲು ಹೊಡೆಯಿತು. ಆ ಬೆಳಕಿನಲ್ಲಿ ಗಂಡನ ತಲೆ ನಿಧಾನಕ್ಕೆ ಆ ಹೆಂಗಸಿನ ಭುಜಕ್ಕೆ ಒರಗಿದ್ದು ಕಂಡಿತು. ಆಕೆ ಸರಿದು ಕೂರಲಿಲ್ಲ.

ಎದ್ದು ಹೋಗಿ ಜುಟ್ಟು ಹಿಡಿಯಬೇಕೆಂದುಕೊಂಡು ಬಂದವಳಿಗೆ ಏಳುವುದಕ್ಕೇ ಆಗಲಿಲ್ಲ. ಕೈಕಾಲಿನಲ್ಲಿ ತ್ರಾಣವಿರಲಿಲ್ಲ. ಕೂತಲ್ಲೇ ಅತ್ತಳು. ಕಬ್ಬಿಣದ ಮೈಯವನು ಉಳಿದ ಆರು ಜನರನ್ನು ಕಾಪಾಡಿ ತಾನು ಸತ್ತ. ಮುಂದೆ ಯಾರೋ ಮೂಗು ಒರೆಸಿಕೊಂಡರು. ಅವನು ಮುಂದಿನ ಭಾಗದಲ್ಲಿ ಎದ್ದು ಬರುತ್ತಾನೆಂದು ಅವಳಿಗೂ ಗೊತ್ತಿತ್ತು. ಮುರಿದ ಸಂಸಾರಕ್ಕೆ ಮುಂದಿನ ಭಾಗ ಯಾರು ತೆಗೆಯುತ್ತಾರೆ?

ಕೊನೆಗೆ ಹೆಸರುಗಳ ಪಟ್ಟಿ ಓಡತೊಡಗಿತು. ಹೆಂಗಸು ಅವನ ತಲೆಯನ್ನು ಮೆಲ್ಲಗೆ ಕುರ್ಚಿಗೆ ಒರಗಿಸಿ ಬಾಗಿಲ ಕಡೆ ನಡೆದಳು. ಅವಳು ಹೇಗೋ ಎದ್ದು ಅಡ್ಡ ನಿಂತಳು. ಕೈ ಎತ್ತುವುದೊಂದು ಬಾಕಿಯಿತ್ತು. ಆಗ ಹೆಂಗಸಿನ ಕೈಯಲ್ಲಿದ್ದ ಟಾರ್ಚ್ ಕಂಡಿತು, ಕೊರಳಲ್ಲಿ ಚಿತ್ರಮಂದಿರದ ಗುರುತಿನ ಚೀಟಿಯೂ ಕಂಡಿತು.

"ಆ ಮೂಲೇಲಿ ಇರೋರು ನಿಮಗೆ ಏನಾಗ್ಬೇಕು?" ಎಂದಳು.

"ಡ್ರೈವರಣ್ಣನಾ? ಏನೂ ಇಲ್ಲಮ್ಮ. ನಾನು ಇಲ್ಲಿ ಟಿಕೆಟ್ ಹರಿಯೋಳು. ವಿರಾಮ ಆದ್ಮೇಲೆ ಕಾಲು ನೋವು ಅಂತ ಒಂದು ಗಳಿಗೆ ಕೂರ್ತೀನಿ. ಅವರು ನಿದ್ದೇಲಿ ನನ್ನ ಮೇಲೇ ವಾಲ್ತಾರೆ, ಪಾಪ, ಬಿಟ್ಟುಬಿಡ್ತೀನಿ. ಈ ಸಿನಿಮಾ ಒಂದು ಚೂರೂ ನೋಡಿಲ್ಲ ಅವರು. ಮೂರು ಗಂಟೆ ಉದ್ದ ಇದೆ ಅಂತ ಮಲಗೋಕೆ ಬರ್ತಾರೆ. ನಾಲ್ಕಕ್ಕೆ ಮಕ್ಕಳ ಬಸ್ ಓಡಿಸ್ಬೇಕಲ್ಲ. ಹೆಸರು ಓಡಿ ಮುಗಿಯೋವರೆಗೂ ಮಲಗಿರ್ಲಿ ಅಂತ ಬಿಟ್ಟು ಬಂದೆ. ನೀವು ಅವರಿಗೆ ಬೇಕಾದೋರಾ?"

"ಮುಖ ಪರಿಚಯ, ಅಷ್ಟೇ. ಯಾಕೆ, ಮಲಗೋಕೆ ಅವರಿಗೆ ಮನೆ ಇಲ್ವಾ? ರಾತ್ರಿಯೆಲ್ಲ ಏನು ಮಾಡ್ತಾರೆ?"

ಹೆಂಗಸು ಮೂಲೆಯ ಕಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದಳು.

"ಮನೇಲಿ ಹಗಲು ಇಷ್ಟು ಮಲಗಿದ್ರೆ ಹೆಂಡ್ತಿ ಯಾಕೆ ಅಂತ ಕೇಳ್ತಾರಂತೆ. ರಾತ್ರಿಯೆಲ್ಲ ಹೆಂಡ್ತಿ ಉಸಿರಾಡ್ತಿದಾರಾ ಅಂತ ನೋಡ್ತಾ ಕೂತಿರ್ತಾರಂತೆ. ಆಯಮ್ಮನ ಹೃದಯ ಯಾವತ್ತಾದ್ರೂ ನಿದ್ದೇಲೇ ನಿಂತುಹೋಗ್ಬಹುದು ಅಂದಿದಾರಂತೆ ಡಾಕ್ಟ್ರು, ಆಯಮ್ಮಂಗೆ ಇನ್ನೂ ಹೇಳಿಲ್ಲ."