ಅಳತೆಯ ದಾರ

ದಾರದ ಎರಡು ತುದಿಯ ಗಂಟುಗಳು ಕೂಡಲಿಲ್ಲ. ಪಂಪಮ್ಮ ಮಗಳ ಹಣೆಯ ಮೇಲೆ ದಾರವನ್ನು ಸರಿಮಾಡಿ, ಕಿವಿಯ ಹಿಂದಿನ ಹೊಲಿಗೆಗೆ ತಾಗದಂತೆ ಮತ್ತೊಮ್ಮೆ ಸುತ್ತಿದಳು. ಈಗಲೂ ಒಂದು ಬೆರಳಷ್ಟು ಕಡಿಮೆ ಬಿತ್ತು.

ತಿಂಗಳ ಹಿಂದೆ ಹೈದರಾಬಾದಿನಲ್ಲಿ, ತಲೆಯಲ್ಲಿ ತುಂಬಿದ ನೀರು ಹೊಟ್ಟೆಗೆ ಇಳಿಯಲೆಂದು ಕೂಸಿನ ಚರ್ಮದಡಿ ಸಣ್ಣ ನಳಿಕೆ ಕೂಡಿಸಿದ್ದರು. ಅದು ಕಟ್ಟಿಕೊಂಡರೆ ತಲೆ ಮತ್ತೆ ಉಬ್ಬುತ್ತದೆ, ಆ ದಿನವೇ ಹೊರಟು ಬನ್ನಿ ಎಂದಿದ್ದರು ಡಾಕ್ಟರು. ಸಿಂಧನೂರಿಗೆ ಮರಳಿದ ದಿನ ಕೂಸಿನ ತಲೆ ಅಳೆದು ಗಂಟು ಹಾಕಿಟ್ಟ ದಾರವಿದು. ಬೆಳಗಿನಿಂದ ಕೂಸು ಕುಡಿದ ಹಾಲನ್ನೆಲ್ಲ ಕಕ್ಕುತ್ತಿತ್ತು.

“ಎಣ್ಣಿ ಹತ್ತಿತ್ತಂತ ನಿನ್ನಿ ನಾನ ದಾರ ತೊಳದೀನಿ. ತೊಯ್ದು ಗಿಡ್ಡಾಗೈತಿ,” ಎಂದಳು ಅತ್ತೆ ಅಮರಮ್ಮ. “ಇಷ್ಟಕ್ಕ ಕೂಸಿನ ತಲಿ ಮತ್ತ ಕೊಯ್ಸಾಕ ನಾ ಬಿಡಾಂಗಿಲ್ಲ.”

ಅತ್ತೆಯ ಮಾತೇ ನಿಜವಾಗಲಿ ಎಂದು ಪಂಪಮ್ಮನೂ ಬೇಡುತ್ತಿದ್ದಳು. ಅಳೆದ ದಿನ ಇದೇ ದಾರವನ್ನು ಹಿತ್ತಾಳೆಯ ತಂಬಿಗೆಗೆ ಸುತ್ತಿ, ಗಂಟುಗಳು ಕೂಡಿದ್ದು ಕಂಡು, “ನನ್ನ ಮೊಮ್ಮಗಳ ತಲಿ ತಂಬಿಗಿಯಷ್ಟ ಐತಿ ನೋಡು” ಎಂದು ಅತ್ತೆ ನಕ್ಕಿದ್ದಳು. ಪಂಪಮ್ಮ ಆ ತಂಬಿಗೆಯನ್ನು ಎಳೆದುಕೊಂಡಳು. ದಾರ ಗಿಡ್ಡಾಗಿರಲಿ, ಗಂಟು ಕೂಡದಿರಲಿ ಶಿವನೇ ಎಂದುಕೊಳ್ಳುತ್ತ ಅದರ ಹೊಟ್ಟೆಯ ಸುತ್ತ ದಾರ ತಂದಳು.

ಗಂಟಿಗೆ ಗಂಟು ಸರಿಯಾಗಿ ಕೂಡಿತು.

ಅಮರಮ್ಮ ತಂಬಿಗೆಯನ್ನು ಬದಿಗೆ ಸರಿಸಿದಳು. ಆಮೇಲೆ ಕೂಸಿನ ಕತ್ತಿಗೆ ಅಂಗೈ ಕೊಟ್ಟು ಮೆಲ್ಲಗೆ ಎತ್ತಿಕೊಂಡಳು.

“ಹೈದರಾಬಾದ್ ಬಸ್ಸು ಹೋದೀತು,” ಎಂದಳು. “ನೀ ಬಾಗಲಾ ಹಾಕ್ಕೊಂಡು ಬಾ.”