ಹಿಮದ ಹೂವಿನ ಗುಳಿಗೆ

ಉಡಿ ತುಂಬಲು ಎತ್ತಿದ ಅಕ್ಕಿಯ ಬೊಗಸೆಯನ್ನು ಶಿವಗಂಗವ್ವ, ಸೊಸೆ ರಾಜಶ್ರೀ ಒಡ್ಡಿದ ಸೆರಗಿನ ಮೇಲೆಯೇ ತಡೆದು ನಿಲ್ಲಿಸಿದಳು. ಓಣಿಯ ಉಳಿದ ಮುತ್ತೈದೆಯರೆಲ್ಲರ ಉಡಿ ಆಗಲೇ ತುಂಬಿತ್ತು.

ಹೋದ ವರ್ಷ ಮರೆವು ಹಿಡಿದಿದ್ದ ಅತ್ತೆ, "ಯಾರ ಮಗಳ ಬೇ ನೀ? ಭಾಳ ಛಲೋ ಹುಡುಗಿ" ಎನ್ನುತ್ತ ಇದೇ ಉಡಿಯನ್ನು ತುಂಬಿದ್ದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಅದೇ ಮೊದಲು. ಆಮೇಲೆ ಜಮಖಂಡಿಯ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಚಳಿದೇಶದ ತೋಟಗಳಲ್ಲಿ ಹಿಮದ ನಡುವೆ ಅರಳುವ ಬಿಳಿ ಹೂವಿನ ಗಡ್ಡೆಯಲ್ಲಿ ಅದರ ಸತ್ವ ಸಿಕ್ಕಿತಂತೆ. ಒಂದು ಹೊತ್ತೂ ತಪ್ಪಿಸದೆ ನುಂಗಿಸಿದವಳು ರಾಜಶ್ರೀಯೇ.

ಅತ್ತೆ ಅವಳ ಮುಖವನ್ನೇ ದಿಟ್ಟಿಸಿದಳು. ಅಕ್ಕಿ ಮರಳಿ ಮೊರಕ್ಕೆ ಬಿತ್ತು. "ಬಂಜಿಗೆ ಎಂಥಾ ಉಡಿ? ಆಚಿ ಸರಿ."

ರಾಜಶ್ರೀ ಖಾಲಿ ಸೆರಗನ್ನು ಒಡ್ಡಿಕೊಂಡೇ ನಿಂತಳು. ಬಾಗಿಲಲ್ಲಿದ್ದ ಗಂಡ ಸಂಜಯ ಹಿಗ್ಗಿ ಕೂಗಿದ: "ಗುಳಿಗಿ ಹತ್ತೇತಿ ನೋಡ! ಅವ್ವಗ ನಿನ್ನ ಗುರ್ತ ಸಿಕ್ತು!"