ಬೀಗರ ಶಿರಸ್ತ್ರಾಣ

ಸತ್ತವರ ದನಿ ಅವರ ಶಿರಸ್ತ್ರಾಣದಲ್ಲೇ ಉಳಿದುಬಿಡುವ ಆ ಇಂಗ್ಲೆಂಡಿನಲ್ಲಿ, ಹೆಣ್ಣು ಕೊಡುವವರು ಗಂಡಿನ ಮನೆತನದ ಮೂಲಪುರುಷನನ್ನು ಮಾತಾಡಿಸಿಯೇ ಮದುವೆ ಗಟ್ಟಿಮಾಡುವುದು ವಾಡಿಕೆ. ಹಾಗಾಗಿ ಗಂಡಿನ ತಂದೆ, ಜಮೀನುದಾರ ನೈಟ್ ಸರ್ ರೆನಾಲ್ಡನಿಗೆ ಬೆಳಗಿನಿಂದಲೇ ಬೆವರು. ತನ್ನ ಮುತ್ತಜ್ಜ ಇಂಗ್ಲೆಂಡನ್ನು ಯುದ್ಧದಲ್ಲಿ ಗೆದ್ದ ನಾರ್ಮನ್ ದೊರೆಯ ಬಲಗೈ ಬಂಟನೆಂದು ಅವನು ಊರೆಲ್ಲ ಕೊಚ್ಚಿಕೊಂಡಿದ್ದ.

ಹುಡುಗಿಯ ತಂದೆ ಸರ್ ಗಿಲ್ಬರ್ಟ್, ತಮ್ಮ ಮನೆಯ ಶಿರಸ್ತ್ರಾಣವನ್ನು ಕಂಕುಳಲ್ಲಿಟ್ಟುಕೊಂಡು ಬಂದು ಗತ್ತಿನಿಂದ ಕುಳಿತ.

“ಹಿರಿಯರು ಯುದ್ಧದಲ್ಲಿ ಎಲ್ಲಿ ನಿಂತಿದ್ರಿ?” ಎಂದು ರೆನಾಲ್ಡನ ಮುತ್ತಜ್ಜನನ್ನು ಕೇಳಿದ.

“ಒಲೆ ಮುಂದೆ,” ಎಂದಿತು ಗೋಡೆಯ ಮೇಲಿನ ಶಿರಸ್ತ್ರಾಣ. “ಸೈನ್ಯಕ್ಕೆಲ್ಲ ಸಾರು ಆಗಬೇಕಿತ್ತಲ್ಲಪ್ಪ. ಇದನ್ನ ತಲೆಗಿಂತ ಒಲೆ ಮೇಲಿಟ್ಟಿದ್ದೇ ಹೆಚ್ಚು.”

ರೆನಾಲ್ಡ್ ತಲೆ ತಗ್ಗಿಸಿದ. ಗಿಲ್ಬರ್ಟ್ ದಡಕ್ಕನೆ ಎದ್ದ. ಎದ್ದ ರಭಸಕ್ಕೆ ಅವನ ಶಿರಸ್ತ್ರಾಣದೊಳಗೆ ದನಿ ಹೊರಬರದಂತೆ ತುರುಕಿದ್ದ ಉಣ್ಣೆಯ ಮುದ್ದೆ ಜಾರಿ ನೆಲಕ್ಕೆ ಬಿತ್ತು.

“ಯಾರದು, ಅಡುಗೆ ರಾಲ್ಫನಾ?” ಎಂದಿತು ಕಂಕುಳ ದನಿ. “ನಾನು ಕಣೋ, ಸಾಮಾನಿನ ಕತ್ತೆ ಕಾಯ್ತಿದ್ದ ಓಡೋ. ಆವತ್ತಿನ ಸಾರಿಗೆ ಉಪ್ಪೇ ಇರಲಿಲ್ಲ.”

ಗಿಲ್ಬರ್ಟ್ ಮೆಲ್ಲನೆ ಕುಳಿತ. ಸ್ವಲ್ಪ ಹೊತ್ತು ಉಪ್ಪಿನ ಜಗಳವೊಂದೇ ಕೇಳುತ್ತಿತ್ತು.

“ಮದುವೆ ಯಾವಾಗ ಇಟ್ಕೊಳ್ಳೋಣ, ಬೀಗರೇ?” ಎಂದ ಗಿಲ್ಬರ್ಟ್.

“ಆದಷ್ಟು ಬೇಗ,” ಎಂದ ರೆನಾಲ್ಡ್, ನೆಲದ ಮೇಲಿದ್ದ ಉಣ್ಣೆಯನ್ನೆತ್ತಿ ಎರಡು ಪಾಲು ಮಾಡುತ್ತ.